ಮಲೆನಾಡಿನ ಮಣ್ಣು ಏನನ್ನು ಉಳಿಸುತ್ತದೆ, ಏನನ್ನು ನುಂಗುತ್ತದೆ

ಬಳ್ಳಾರಿ, ರಾಯಚೂರು ಕಡೆ ನವಶಿಲಾಯುಗದ ನೆಲೆಗಳನ್ನು ಅಗೆದವರಿಗೆ ದನಕರುಗಳ ಮೂಳೆ ರಾಶಿಗಟ್ಟಲೆ ಸಿಕ್ಕಿದೆ. ಅಲ್ಲಿನ ಬೂದಿದಿಬ್ಬಗಳು ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಆದವು ಎಂಬುದು 1960ರ ದಶಕದ ಹೊತ್ತಿಗೇ ಖಚಿತವಾಗಿತ್ತು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಬದುಕು ಅಲ್ಲಿ ಬಯಲಲ್ಲೇ ಬಿದ್ದಿದೆ. ಅಲ್ಲಿಂದ ಪಶ್ಚಿಮಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಂದರೆ ಅಂಥದ್ದೇನೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ, "ಇಲ್ಲೆಲ್ಲ ಬರೀ ಕಾಡಿತ್ತು ಮಾರಾಯ್ರೆ, ರಾಜರ ಕಾಲ ಬರುವ ತನಕ ಜನ ಎಲ್ಲಿದ್ದರು?" ಎಂದು ಕೇಳುವವರು ಈಗಲೂ ಸಿಗುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆ. ಜನ ಇದ್ದಿದ್ದರೆ ಅವರ ಗುರುತು ಈ ಮಣ್ಣಿನಲ್ಲಿ ಉಳಿಯುತ್ತಿತ್ತೇ?

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಘಟ್ಟದಿಂದ ಪೂರ್ವಕ್ಕೆ ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಘಟ್ಟದ ಅಂಚಿನಲ್ಲಿ ಸಾವಿರಾರು ವರ್ಷ ಹೀಗೆ ಮಳೆ ಸುರಿದು ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದ ಕೆಂಪು ಜಂಬಿಟ್ಟಿಗೆ ಮಣ್ಣು ಆಗಿದೆ. ಅದು ಹುಳಿ ಮಣ್ಣು. ಅಡಿಕೆ ತೋಟಕ್ಕೆ ಸುಣ್ಣ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಳೆಯ ಗಟ್ಟಿ ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ಹುಳಿ ನೀರು ಅದನ್ನು ನಿಧಾನವಾಗಿ ಕರಗಿಸುತ್ತದೆ. ಬಯಲುಸೀಮೆಯ ಸುಣ್ಣದಂಶದ ಮಣ್ಣಿನಲ್ಲಿ ನಾಲ್ಕು ಸಾವಿರ ವರ್ಷ ತಾಳಿಕೊಂಡ ಮೂಳೆ ಇಲ್ಲಿ ಅದರ ಸಣ್ಣ ಪಾಲು ಕಾಲದಲ್ಲೇ ಮಾಯವಾಗಬಹುದು. ಮನೆಗಳ ಕಥೆಯೂ ಅಷ್ಟೇ. ಬಿದಿರಿನ ತಟ್ಟಿ, ಮಣ್ಣಿನ ಮೆತ್ತನೆ, ಮೇಲೆ ಹುಲ್ಲೋ ಸೋಗೆಯೋ. ಮಳೆ ಬಿಟ್ಟದ್ದನ್ನು ಗೆದ್ದಲು ಮುಗಿಸುತ್ತದೆ. ಕಂಬ ನೆಟ್ಟ ಕುಣಿ ಮಾತ್ರ ಉಳಿಯುತ್ತದೆ, ಅದೂ ಸುತ್ತಲಿನ ಮಣ್ಣಿಗಿಂತ ತುಸು ಕಪ್ಪಗಿರುವ ಒಂದು ವೃತ್ತವಾಗಿ. ಎಚ್ಚರವಿಲ್ಲದ ಪಿಕಾಸಿಯ ಒಂದೇ ಏಟಿಗೆ ಅದೂ ಹೋಯಿತು.

ಹೀಗಾಗಿ ಮಲೆನಾಡಿನ ಪುರಾತತ್ವದಲ್ಲಿ ಯಾವ ವಸ್ತು ಸಿಕ್ಕರೂ ಮೊದಲು ಕೇಳಬೇಕಾದದ್ದು "ಇದು ಏನು ಹೇಳುತ್ತದೆ" ಎಂದಲ್ಲ, "ಇದು ಹೇಗೆ ಉಳಿಯಿತು" ಎಂದು. ಕಲ್ಲು, ಸುಟ್ಟ ಮಡಕೆ, ಇದ್ದಿಲು, ಕಬ್ಬಿಣದ ಕಿಟ್ಟ, ಕೆಸರಿನಲ್ಲಿ ಸಿಕ್ಕಿಕೊಂಡ ಹೂವಿನ ಪರಾಗ, ಹುಲ್ಲಿನೊಳಗಿನ ಮರಳಿನಂಥ ಕಣ, ಇವು ಉಳಿಯುವ ಪೈಕಿ. ಚರ್ಮ, ಬಟ್ಟೆ, ಬುಟ್ಟಿ, ಮರ, ಮಾಂಸ, ಮೂಳೆ ಹೋಗುವ ಪೈಕಿ. ಅಂದರೆ ಒಬ್ಬ ಮಲೆನಾಡಿಗನ ದಿನನಿತ್ಯದ ಸಾಮಾನಿನಲ್ಲಿ ಹೆಚ್ಚಿನದೆಲ್ಲ ಹೋಗುವ ಪೈಕಿಯೇ.

ಇದ್ದಿಲಿನಿಂದ ಶುರು ಮಾಡೋಣ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಹೊಳೆ ಹೊನ್ನಾಳಿ ದಾಟಿ ಉತ್ತರಕ್ಕೆ ಹರಿಯುತ್ತದೆ. ಅಲ್ಲೇ ಮುಂದೆ, ಮಲೆನಾಡು ಮುಗಿದು ಬಯಲು ತೆರೆದುಕೊಳ್ಳುವ ಜಾಗದಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರು ಇದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಕೆಳಗಿನ ಪದರಗಳಲ್ಲಿ ನವಶಿಲಾಯುಗದ ಜನರ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಮೇಲಿನ ಪದರದಲ್ಲಿ ಕಬ್ಬಿಣದ ಸಾಮಾನು ಮತ್ತು ಕಪ್ಪು-ಕೆಂಪು ಮಡಕೆ ಸಿಕ್ಕವು. ಅಲ್ಲಿನ ಇದ್ದಿಲನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಕಬ್ಬಿಣದ ಪದರ ಕ್ರಿ.ಪೂ. 1000ದ ಸುಮಾರಿನದು ಎಂದು ಗೊತ್ತಾಯಿತು. ದಕ್ಷಿಣದಲ್ಲಿ ಕಬ್ಬಿಣ ಅಷ್ಟು ಹಳೆಯದೇ ಎಂದು ಆಗ ಹುಬ್ಬೇರಿಸಿದವರಿದ್ದರು.

ಆ ಪರೀಕ್ಷೆ ನಡೆಯುವುದು ಹೀಗೆ. ಬಾಹ್ಯಾಕಾಶದಿಂದ ಬರುವ ಕಿರಣಗಳು ವಾತಾವರಣದ ಮೇಲ್ಭಾಗಕ್ಕೆ ಬಡಿದಾಗ ಸ್ವಲ್ಪ ಸಾರಜನಕ ಇಂಗಾಲ-14 ಆಗಿ ಬದಲಾಗುತ್ತದೆ. ಗಿಡಗಳು ಗಾಳಿಯ ಜೊತೆ ಅದನ್ನೂ ಎಳೆದುಕೊಳ್ಳುತ್ತವೆ, ಗಿಡ ತಿಂದ ಪ್ರಾಣಿಗೂ ಅದು ದಾಟುತ್ತದೆ. ಜೀವ ಇರುವಷ್ಟು ದಿನ ಬರುವುದೂ ಹೋಗುವುದೂ ನಡೆದೇ ಇರುತ್ತದೆ. ಸತ್ತ ಮೇಲೆ ಬರುವುದು ನಿಲ್ಲುತ್ತದೆ, ಒಳಗಿದ್ದದ್ದು ಕರಗುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ, ಇನ್ನೊಂದು 5730 ವರ್ಷಕ್ಕೆ ಆ ಅರ್ಧದಲ್ಲಿ ಅರ್ಧ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು. ಸುಮಾರು 50,000 ವರ್ಷಕ್ಕಿಂತ ಹಳೆಯದಾದರೆ ಅಳೆಯಲು ಏನೂ ಉಳಿದಿರುವುದಿಲ್ಲ. 1949ರಲ್ಲಿ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಜೊತೆಗಾರರು ಈ ವಿಧಾನವನ್ನು ತೋರಿಸಿಕೊಟ್ಟರು, 1960ರಲ್ಲಿ ಲಿಬ್ಬಿಗೆ ನೊಬೆಲ್ ಬಂತು.

ಕೇಳಲು ಸಲೀಸು, ಕೈಹಾಕಿದರೆ ತೊಡಕು. ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಸಮ ಇರಲಿಲ್ಲ. ಆದ್ದರಿಂದ ಪ್ರಯೋಗಾಲಯ ಕೊಟ್ಟ ಅಂಕಿಯನ್ನು ಮರಗಳ ವಾರ್ಷಿಕ ಉಂಗುರಗಳ ಜೊತೆ ತಾಳೆ ನೋಡಿ ತಿದ್ದಬೇಕು. ಮಲೆನಾಡಿನಲ್ಲಿ ಇನ್ನೂ ಎರಡು ಕಾಟಗಳಿವೆ. ಒಂದು, ಹೆಮ್ಮರ. ಮುನ್ನೂರು ವರ್ಷದ ಮರ ಕಡಿದು ಅದರ ತಿರುಳನ್ನು ಒಲೆಗೆ ಹಾಕಿದರೆ, ಆ ಇದ್ದಿಲು ಹೇಳುವುದು ತಿರುಳು ಬೆಳೆದ ಕಾಲವನ್ನು, ಒಲೆ ಹಚ್ಚಿದ ಕಾಲವನ್ನಲ್ಲ. ಮುನ್ನೂರು ವರ್ಷ ಸುಮ್ಮನೆ ಹೆಚ್ಚಾಯಿತು. ಇನ್ನೊಂದು, ಬೇರು ಮತ್ತು ಗೆದ್ದಲು. ಇವು ಮೇಲಿನ ಇದ್ದಿಲನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸಿ ಪದರಗಳನ್ನು ಕಲಸಿಬಿಡುತ್ತವೆ. ಹಾಗಾಗಿ ಈಗ ಸೌದೆಯ ಇದ್ದಿಲಿಗಿಂತ ಸುಟ್ಟ ಕಾಳನ್ನು ಆರಿಸುತ್ತಾರೆ. ಕಾಳು ಒಂದೇ ವರ್ಷದ ಬೆಳೆ. ಹೊಸ ಯಂತ್ರಗಳಿಗೆ ಕೆಲವೇ ಮಿಲಿಗ್ರಾಂ ಸಾಕು, ಒಂದು ಕರಿ ಹುರುಳಿಕಾಳಿನ ಚೂರಿನಿಂದಲೂ ಕಾಲ ತೆಗೆಯಬಹುದು.

ಆ ಕಾಳು ಸಿಗುವ ಬಗೆ ನನಗೆ ಬಹಳ ಇಷ್ಟ. ಅಗೆದ ಮಣ್ಣನ್ನು ಬಕೆಟ್ಟಿನಲ್ಲಿ ನೀರಿಗೆ ಸುರಿದು ಕದಡುತ್ತಾರೆ. ಭತ್ತ ತೊಳೆಯುವಾಗ ಜೊಳ್ಳು ಮೇಲೆ ಬರುವ ಹಾಗೆ, ಸುಟ್ಟು ಇದ್ದಿಲಾದ ಕಾಳು ತೇಲುತ್ತದೆ, ಮಣ್ಣು ತಳ ಸೇರುತ್ತದೆ. ತೇಲಿದ್ದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಬಿಡಿಸುತ್ತಾರೆ. ಗುಡ್ಡ ಅಗೆದು ಇಲಿ ಹಿಡಿದರು ಎಂದು ಯಾರಾದರೂ ನಕ್ಕರೆ ನಗಲಿ. ನಿಜವಾಗಿ ಇಲಿಯ ಹಲ್ಲೇ ಸಿಕ್ಕರೂ ಈ ಜನಕ್ಕೆ ಸಂತೋಷವೇ, ಇಲಿ ಇತ್ತು ಅಂದರೆ ಹತ್ತಿರದಲ್ಲಿ ಕಣಜ ಇದ್ದಿರಬಹುದು. (ಹಲ್ಲಿನ ಹೊರಗವಚ ಮೂಳೆಗಿಂತ ಗಟ್ಟಿ, ಹುಳಿ ಮಣ್ಣಿನಲ್ಲೂ ಇನ್ನಷ್ಟು ದಿನ ತಡೆಯುತ್ತದೆ.)

ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹಳ್ಳೂರೂ ಸೇರಿದಂತೆ ಹಲವು ನೆಲೆಗಳ ಮಣ್ಣನ್ನು ಹೀಗೆ ತೇಲಿಸಿ ನೋಡಿದರು. ಹುರುಳಿ, ಹೆಸರು, ಕೊರಲೆ ಇಂಥವು ಮತ್ತೆ ಮತ್ತೆ ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದೆ ನಮ್ಮ ಕಡೆಯ ಊಟದ ಬುಡ ಇದು. ಹೊರಗಿನಿಂದ ಬಂದ ಗೋಧಿ, ಬಾರ್ಲಿ ಅದಕ್ಕೆ ಅಲ್ಲಲ್ಲಿ ಸೇರಿಕೊಂಡವು. ರಾಗಿಯ ತವರು ಆಫ್ರಿಕಾ, ಅದು ಬಂದದ್ದು ತಡವಾಗಿ. ಇವತ್ತು ಹುರುಳಿಸಾರು ಅಂದರೆ ಬಡವರ ಅಡುಗೆ ಎಂದು ಮೂಗು ಮುರಿಯುವವರು ಗಮನಿಸಬೇಕು, ಈ ನೆಲದಲ್ಲಿ ಅದರಷ್ಟು ಹಳೆಯ ಮನೆತನ ಬೇರೆ ಯಾರದೂ ಇದ್ದ ಹಾಗಿಲ್ಲ.

ಹಾಗಾದರೆ ಘಟ್ಟದ ಒಳಗೆ, ಭತ್ತದ ಸೀಮೆಯಲ್ಲಿ? ಗದ್ದೆಯಂಚಿನಲ್ಲಿ ನಡೆವಾಗ ಭತ್ತದ ಗರಿ ತಾಗಿ ಕೈ ಗೀರುವುದು ಎಲ್ಲರಿಗೂ ಗೊತ್ತು. ಆ ಗರಿಯಲ್ಲಿ ಸಿಲಿಕಾ, ಅಂದರೆ ಗಾಜು ಮತ್ತು ಮರಳಿನಲ್ಲಿರುವ ವಸ್ತು, ತುಂಬಿಕೊಂಡಿರುತ್ತದೆ. ಬೇರು ನೀರಿನ ಜೊತೆ ಎಳೆದುಕೊಂಡ ಸಿಲಿಕಾ ಎಲೆಯ ಜೀವಕೋಶಗಳಲ್ಲಿ ಗಟ್ಟಿಯಾಗಿ, ಕೋಶದ ಆಕಾರವನ್ನೇ ತಳೆಯುತ್ತದೆ. ಗಿಡ ಕೊಳೆತ ಮೇಲೂ ಆ ಸೂಕ್ಷ್ಮ ಕಣಗಳು ಮಣ್ಣಿನಲ್ಲಿ ಕೂತಿರುತ್ತವೆ. ಭತ್ತದ ಎಲೆಯಲ್ಲಿ ಬೀಸಣಿಗೆ ಆಕಾರದವು, ಹೊಟ್ಟಿನಲ್ಲಿ ಎರಡು ಕೋಡು ಎದ್ದ ಆಕಾರದವು. ಇವನ್ನು ಸಸ್ಯಶಿಲೆ ಎನ್ನೋಣ. ವಿಶೇಷ ಏನೆಂದರೆ, ಇವು ಕರಗುವುದು ಸುಣ್ಣದಂಶ ವಿಪರೀತ ಇರುವ ಮಣ್ಣಿನಲ್ಲಿ. ಹುಳಿ ಮಣ್ಣು ಇವಕ್ಕೆ ಆರಾಮ. ಮೂಳೆಗೆ ವಿಷವಾದದ್ದೇ ಸಸ್ಯಶಿಲೆಗೆ ಆಸರೆ.

ಪರಾಗಕ್ಕೆ ಬೇಕಾದದ್ದು ನೀರು ನಿಂತ, ಗಾಳಿಯಾಡದ ಕೆಸರು. ಪಶ್ಚಿಮ ಘಟ್ಟದ ಕಾಡಿನ ಹಳೆಯ ಕಥೆ ಗೊತ್ತಾದದ್ದು ಘಟ್ಟದಲ್ಲಿ ಅಗೆದಲ್ಲ, ಕಾರವಾರದ ಎದುರಿನ ಸಮುದ್ರದ ತಳದಿಂದ! ಹೊಳೆಗಳು ಮಳೆಗಾಲದಲ್ಲಿ ಘಟ್ಟದ ಪರಾಗವನ್ನೆಲ್ಲ ಹೊತ್ತು ಕಡಲಿಗೆ ಸುರಿಯುತ್ತವೆ, ಅದು ಪದರ ಪದರವಾಗಿ ತಳಕ್ಕೆ ಕೂರುತ್ತದೆ. ಕೊಳವೆ ಇಳಿಸಿ ಆ ಕೆಸರನ್ನು ಮೇಲೆತ್ತಿ ಎಣಿಸಿದ ಫ್ರೆಂಚ್ ಮತ್ತು ಭಾರತೀಯ ವಿಜ್ಞಾನಿಗಳು 1990ರ ದಶಕದಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 3500 ವರ್ಷಗಳ ಹಿಂದೆ ಉತ್ತರ ಕನ್ನಡದ ನಿತ್ಯಹಸಿರು ಕಾಡಿನ ಪರಾಗ ಗಣನೀಯವಾಗಿ ಇಳಿದು ಹುಲ್ಲುಗಾವಲಿನ ಗಿಡಗಳದ್ದು ಏರಿತು. ಮಳೆ ಕಡಿಮೆಯಾಯಿತೋ, ಮನುಷ್ಯರು ಕಾಡು ಸುಟ್ಟು ಬೇಸಾಯಕ್ಕೆ ಇಳಿದರೋ? ಎರಡೂ ವಾದಗಳಿವೆ, ಎರಡೂ ಒಟ್ಟಿಗೇ ಆಗಿರಲೂಬಹುದು. ಪರಾಗವೊಂದೇ ಇದನ್ನು ತೀರ್ಮಾನಿಸಲಾರದು. ಅದೇ ಪದರದಲ್ಲಿ ಇದ್ದಿಲ ಪುಡಿ ಎಷ್ಟಿದೆ, ಬೆಳೆಯ ಗಿಡಗಳ ಗುರುತು ಇದೆಯೇ ಎಂದು ಜೊತೆಗೆ ನೋಡಬೇಕು. ಆದರೂ "ಇಲ್ಲಿ ಬರೀ ಕಾಡಿತ್ತು" ಎಂಬ ಮಾತನ್ನು ಇನ್ನು ಕಣ್ಣುಮುಚ್ಚಿ ಒಪ್ಪುವ ಹಾಗಿಲ್ಲ.

ನಮ್ಮ ಊರುಗಳ ಹಳೆಯ ಕೆರೆಗಳ ಹೂಳೂ ಇಂಥದೇ ದಾಖಲೆ. ಬೇಸಿಗೆಯಲ್ಲಿ ಹಿಟಾಚಿ ಇಳಿಸಿ ಹೂಳೆತ್ತಿ ತೋಟಕ್ಕೆ ಸಾಗಿಸುವಾಗ ಅದೂ ಲಾರಿ ಹತ್ತುತ್ತದೆ. ಕೆರೆಗೆ ನೀರು ಬೇಕು, ಹೂಳೆತ್ತಬೇಡಿ ಎಂದು ನಾನೂ ಹೇಳಲಾರೆ. ಎತ್ತುವ ಮೊದಲು ಒಂದು ಕೊಳವೆ ಇಳಿಸಿ ಮಾದರಿ ತೆಗೆದಿಟ್ಟರೆ ಯಾರಿಗೂ ನಷ್ಟವಿಲ್ಲ.

ಇನ್ನು ಕಲ್ಲು. ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಯಂಥ ಕಡೆ ಬೃಹತ್ ಶಿಲಾ ಸಂಸ್ಕೃತಿಯ ಜನ ನೆಟ್ಟ ನಿಲುವುಗಲ್ಲುಗಳಿವೆ. ಕೆಲವು ಆಳೆತ್ತರ ಮೀರಿದವು. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಕೈಲಾಸ್ ರಾವ್ ಇವನ್ನು ಅಳತೆ ಮಾಡಿ, ಕೆಲವು ಕಲ್ಲುಗಳ ಜೋಡಿ, ಸೂರ್ಯ ವರ್ಷದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅತಿ ದೂರ ಸರಿದಾಗ ಹುಟ್ಟುವ, ಮುಳುಗುವ ದಿಕ್ಕಿಗೆ ಸರಿಯಾಗಿ ನಿಂತಿವೆ ಎಂದು 2012ರಲ್ಲಿ ಪ್ರಕಟಿಸಿದರು. ಸೂರ್ಯ ದಿನವೂ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ. ಹೊಸನಗರದ ಅಕ್ಷಾಂಶದಲ್ಲಿ ಜೂನ್ 21ರ ಹೊತ್ತಿಗೆ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ 22ರ ಹೊತ್ತಿಗೆ ಅಷ್ಟೇ ದಕ್ಷಿಣಕ್ಕೆ ಹೋಗಿ ತಿರುಗುತ್ತದೆ. (ನಮ್ಮ ಪಂಚಾಂಗದ ಮಕರ ಸಂಕ್ರಾಂತಿ ಜನವರಿ ಮಧ್ಯಕ್ಕೆ ಜಾರಿದೆ, ನಿಜವಾದ ತಿರುವು ಡಿಸೆಂಬರಿನದೇ.) ಮಳೆ ನಂಬಿದವರಿಗೆ ಜೂನ್ ತಿರುವು ಮುಖ್ಯವಾಗಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಸ್ವಲ್ಪ ನಿಂತು ಅನುಮಾನ ಪಡುವುದು ಒಳ್ಳೆಯದು. ಒಂದು ಬಯಲಿನಲ್ಲಿ 20 ಕಲ್ಲುಗಳಿದ್ದರೆ ಅವುಗಳಲ್ಲಿ 190 ಜೋಡಿ ಮಾಡಬಹುದು. ಹೇಗೆಂದರೆ ಹಾಗೆ ನೆಟ್ಟಿದ್ದರೂ, ಒಂದು ಡಿಗ್ರಿ ಆಚೀಚೆ ಬಿಟ್ಟುಕೊಟ್ಟರೆ, ಬರೀ ಆಕಸ್ಮಿಕವಾಗಿಯೇ ನಾಲ್ಕು ಜೋಡಿ ಸೂರ್ಯನ ಆ ದಿಕ್ಕುಗಳಿಗೆ ಹೊಂದಿಕೊಳ್ಳುತ್ತವೆ. ಹಾಗಾಗಿ ಒಂದೆರಡು ಜೋಡಿ ಸರಿ ಬಂದದ್ದು ದೊಡ್ಡ ಸಂಗತಿಯಲ್ಲ. ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಜೋಡಿ ಹೊಂದುತ್ತವೆ, ಒಂದಕ್ಕಿಂತ ಹೆಚ್ಚು ನೆಲೆಗಳಲ್ಲಿ ಅದೇ ದಿಕ್ಕು ಮರುಕಳಿಸುತ್ತದೆಯೇ ಎಂಬುದೇ ತೂಕದ ಪ್ರಶ್ನೆ. ನೆರೆಹೊರೆಯ ಹಲವು ನೆಲೆಗಳಲ್ಲಿ ಇಂಥ ಸಾಲು ಕಂಡದ್ದರಿಂದಲೇ ಆ ವಾದಕ್ಕೆ ಬಲ ಬಂದದ್ದು. ಬಿದ್ದುಹೋದ, ಯಾರೋ ಕಿತ್ತು ಬೇಲಿಗೆ ಸಾಗಿಸಿದ ಕಲ್ಲುಗಳ ಲೆಕ್ಕ ಮಾತ್ರ ಈ ಗಣಿತಕ್ಕೆ ಸಿಗುವುದಿಲ್ಲ.

ಸೂರ್ಯನ ದಿಕ್ಕಿನಿಂದ ಕಲ್ಲಿನ ವಯಸ್ಸು ಹೇಳಬಹುದೇ? ಇಲ್ಲ. ಈ ದಿಕ್ಕನ್ನು ನಿರ್ಧರಿಸುವ ಭೂಮಿಯ ಅಕ್ಷದ ಓರೆ ಮೂರು ಸಾವಿರ ವರ್ಷದಲ್ಲಿ ಅರ್ಧ ಡಿಗ್ರಿಗೂ ಕಡಿಮೆ ಬದಲಾಗಿದೆ, ಅಂದರೆ ಸೂರ್ಯಬಿಂಬದ ಅಗಲಕ್ಕಿಂತಲೂ ಕಡಿಮೆ. ಒರಟು ಕಲ್ಲಿನಲ್ಲಿ ಅಷ್ಟು ಸೂಕ್ಷ್ಮ ಅಳೆಯಲಾಗದು. ಕಲ್ಲಿಗೆ ಇಂಗಾಲದ ಪರೀಕ್ಷೆಯೂ ಆಗದು, ಬಂಡೆ ಹುಟ್ಟಿದ್ದು ಕೋಟ್ಯಂತರ ವರ್ಷಗಳ ಹಿಂದೆ. ದಾರಿ ಇರುವುದು ಕಲ್ಲಿನ ಬುಡದ ಮಣ್ಣಿನಲ್ಲಿ. ಮಣ್ಣಿನೊಳಗಿನ ಸ್ಫಟಿಕದ ಕಣ ಸುತ್ತಲಿನ ಸಣ್ಣ ವಿಕಿರಣವನ್ನು ವರ್ಷವರ್ಷವೂ ಶಕ್ತಿಯಾಗಿ ಕೂಡಿಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದರೆ ಆ ಕೂಡಿಟ್ಟದ್ದು ಖಾಲಿ, ಲೆಕ್ಕ ಸೊನ್ನೆಯಿಂದ ಮತ್ತೆ ಶುರು. ಕಲ್ಲು ನೆಟ್ಟ ದಿನ ಕುಣಿಗೆ ಬಿದ್ದ ಕಣ ಅಂದಿನಿಂದ ಕತ್ತಲಲ್ಲಿದೆ. ಅದನ್ನು ಬೆಳಕು ತಾಗದ ಹಾಗೆ ಕೊಳವೆಯಲ್ಲಿ ತೆಗೆದು, ಪ್ರಯೋಗಾಲಯದ ಮಂದ ಕೆಂಪು ದೀಪದಲ್ಲಿ ಬಿಚ್ಚಿ, ಅಳೆದು ಬೆಳಕು ಹಾಯಿಸಿದರೆ ಅದು ಹೊಳೆಯುತ್ತದೆ. ಹೊಳಪು ಎಷ್ಟು ಹೆಚ್ಚೋ ಕತ್ತಲಲ್ಲಿದ್ದ ಕಾಲ ಅಷ್ಟು ಹೆಚ್ಚು.

ಇದೇ ಸಂಸ್ಕೃತಿಯ ಗೋರಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆಯ ಚೂರನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಕೆಂಪು, ಒಳಗೆ ಮತ್ತು ಕಂಠದ ಸುತ್ತ ಕಪ್ಪು. ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿ ಸಾಲದೆ ಕಪ್ಪಾಯಿತು, ಹೊರಗೆ ಗಾಳಿ ಸಿಕ್ಕಿ ಮಣ್ಣಿನ ಕಬ್ಬಿಣ ಕೆಂಪಾಯಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಗೋರಿಯಲ್ಲಿ ಮೂಳೆ ಕರಗಿಹೋಗಿದ್ದರೂ ಆ ಜಾಗದ ಮಣ್ಣಿನಲ್ಲಿ ರಂಜಕದ (ಫಾಸ್ಫರಸ್) ಅಂಶ ಸುತ್ತಲಿಗಿಂತ ಹೆಚ್ಚಿರುತ್ತದೆ, ಅಳೆದರೆ ದೇಹ ಮಲಗಿದ್ದ ಜಾಗ ತೋರುತ್ತದೆ. ಡಿಎನ್‌ಎ ಕೇಳಬೇಡಿ. ಬಿಸಿ, ತೇವ, ಹುಳಿ ಮೂರೂ ಸೇರಿದಲ್ಲಿ ಅದು ಉಳಿಯುವುದು ಬಹಳ ಕಷ್ಟ.

ಕಬ್ಬಿಣ ತುಕ್ಕು ಹಿಡಿಯುತ್ತದೆ, ಅದನ್ನು ಕರಗಿಸುವಾಗ ಉಳಿದ ಕಿಟ್ಟ ಹಿಡಿಯುವುದಿಲ್ಲ. ಕಾಡಿನ ನಡುವೆ ಕಪ್ಪಗೆ, ಗಾಜಿನ ಹಾಗೆ ಹೊಳೆಯುವ ತೂಕದ ಉಂಡೆಗಳು ಕಂಡರೆ ಅಲ್ಲಿ ಎಂದೋ ಕುಲುಮೆ ಉರಿದಿತ್ತು ಎಂದರ್ಥ. ಅದಿರು, ಇದ್ದಿಲಿಗೆ ಮರ, ಹತ್ತಿರದಲ್ಲಿ ನೀರು, ಮೂರೂ ಇಲ್ಲಿತ್ತು. 1923ರಲ್ಲಿ ಭದ್ರಾವತಿಯಲ್ಲಿ ಕಾರ್ಖಾನೆ ಶುರುವಾದಾಗಲೂ ಊದುಕುಲುಮೆ ಉರಿದದ್ದು ಇದೇ ಕಾಡಿನ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ.

ಬರವಣಿಗೆ ಬಂದ ಮೇಲೆ ಎಲ್ಲ ಸುಲಭವಾಯಿತು ಎಂದುಕೊಂಡರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಬೇಕು. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನವಿದೆ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈ ಕತ್ತಿ ಹಿಡಿದದ್ದು ಎಲ್ಲ ಅದರಲ್ಲಿದೆ. ಆದರೆ ಇದು ಸುಮಾರು ನೂರು ವರ್ಷದ ನಂತರ ಅದೇ ವಂಶದ ಆಸ್ಥಾನದಲ್ಲಿ ಕೆತ್ತಿಸಿದ್ದು. ಜಗಳದಲ್ಲಿ ತಪ್ಪು ಯಾರದಿತ್ತು ಎಂದು ಪಲ್ಲವರನ್ನು ಕೇಳಿದವರಿಲ್ಲ. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಎಂದು ಶಾಸನ ಹೇಳುತ್ತದೆ, ಮಣ್ಣು ಹೊತ್ತವರು ಏನು ಉಂಡರು ಎಂದು ಹೇಳುವುದಿಲ್ಲ. ಅದಕ್ಕೆ ಮತ್ತೆ ಬಕೆಟ್ಟು, ಜರಡಿಯೇ ಗತಿ. ಅದೇ ಊರಿನಲ್ಲಿ 2013ರ ಸುಮಾರಿಗೆ ಬೆಳಕಿಗೆ ಬಂದ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ಕ್ಕೆ ಹಾಕಿದೆ. ಹಾಗಾದರೆ ಅದು ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ.

ಉಳಿವಿಗೆ ಕಾರಣ ಕೆಲವೊಮ್ಮೆ ಬರೀ ಅದೃಷ್ಟ. 2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಒಂದು ಹಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್ಟುಗಳನ್ನು ತೆಗೆದರು. ತೆರೆದ ಜಾಗದಲ್ಲಿದ್ದರೆ ಅಲ್ಲಿನ ಮಳೆಗೆ ಅವು ಎಂದೋ ತುಕ್ಕಿನ ಪುಡಿಯಾಗುತ್ತಿದ್ದವು. ಗಾಳಿಯಾಡದ ಬಾವಿಯ ಕೆಸರು ಅವನ್ನು ಕಾಪಾಡಿತು. ಈಗ ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದ ಪಾಲು.

ಅದೃಷ್ಟಕ್ಕೆ ಅಡ್ಡಬರುವವರು ನಿಧಿಗಳ್ಳರು. ವೀರಗಲ್ಲಿನ ಬುಡ, ಗುಡಿಯ ಪಾಣಿಪೀಠ, ನಿಲುವುಗಲ್ಲಿನ ಸುತ್ತ ಅಮಾವಾಸ್ಯೆಗೆ ಅಗೆದು ಹೋಗುವುದು ನಮ್ಮ ಕಡೆ ಮಾಮೂಲಿ ಸುದ್ದಿಯಾಗಿದೆ. ಚಿನ್ನ ಸಿಗುವುದು ದೂರದ ಮಾತು. ಆದರೆ ಕಲ್ಲಿನ ಬುಡದ ಆ ಕತ್ತಲ ಮಣ್ಣಿಗೆ ಒಮ್ಮೆ ಬೆಳಕು ಬಿತ್ತೆಂದರೆ ಅದರ ಲೆಕ್ಕ ಸೊನ್ನೆಗೆ ಬಂತು, ಆ ಕಲ್ಲಿನ ವಯಸ್ಸು ತಿಳಿಯುವ ದಾರಿ ಶಾಶ್ವತವಾಗಿ ಮುಚ್ಚಿತು.

ತೋಟಕ್ಕೆ ಜೆಸಿಬಿ ಹಾಕಿಸುವಾಗ ಮಡಕೆಯೋ ಕಿಟ್ಟವೋ ಕೆತ್ತಿದ ಕಲ್ಲೋ ಎದ್ದರೆ, ಅಲ್ಲಿಗೇ ನಿಲ್ಲಿಸಿ ಇದ್ದಲ್ಲೇ ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಡಿ, ಮೊಬೈಲಿನಲ್ಲಿ ಜಾಗದ ಗುರುತು ಉಳಿಸಿ. ಮಡಕೆಯನ್ನು ತೊಳೆಯಬೇಡಿ, ಒಳಮೈಗೆ ಹೀರಿಕೊಂಡ ಕೊಬ್ಬಿನಿಂದ ಅದರಲ್ಲಿ ಹಾಲು ಕಾಸಿದ್ದರೋ ಮಾಂಸ ಬೇಯಿಸಿದ್ದರೋ ಎಂದು ಪತ್ತೆ ಹಚ್ಚಬಹುದು. ನಿಕ್ಷೇಪ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ತಾಲ್ಲೂಕು ಕಚೇರಿಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಶಿವಮೊಗ್ಗದ ಅರಮನೆ ಸಂಗ್ರಹಾಲಯದವರಿಗೂ ಒಂದು ಮಾತು ಹೇಳಿದರೆ ಆಯಿತು.